ಮರಿಗೆ ಹಲ್ಲಿಲ್ಲ, ಸುಳಿಯಿಲ್ಲ. ಮಾರುವವನ ಬಾಯಿಮಾತೇ ಜಾತಕ!

ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಹಣೆಯ ಮೇಲೆ, ಬೆನ್ನ ಮೇಲೆ ಸುಳಿ ಎಲ್ಲಿದೆ ಎಂದು ಹುಡುಕುತ್ತಾರೆ. ಬನ್ನೂರು ಕುರಿಯಾದರೆ ಹಿಂದೆ ಹೋಗಿ ನಿಂತು, ತೊಡೆಗಳ ನಡುವಿನ ಕಮಾನು ನೋಡಿ, ಬೆನ್ನು ಒತ್ತಿ, 'ಇದು ಅಪ್ಪಟ, ಇದು ಬೆರಕೆ' ಎಂದು ಹೇಳಿಬಿಡುವ ಕಣ್ಣು ಮಂಡ್ಯ ಸೀಮೆಯ ರೈತನದು. ಅವನನ್ನು ಯಾಮಾರಿಸುವುದು ದಲ್ಲಾಳಿಗೂ ಸುಲಭವಲ್ಲ.

ಅದೇ ರೈತ ಕೋಳಿಮರಿ ಕೊಳ್ಳಲು ಹೋದರೆ?

ಒಂದು ದಿನದ ಮರಿಗೆ ಹಲ್ಲಿಲ್ಲ, ಸುಳಿಯಿಲ್ಲ, ಕೊಂಬಿಲ್ಲ. ಅಂಗೈ ಮೇಲಿಟ್ಟರೆ ಚಿಂವ್ ಚಿಂವ್ ಎನ್ನುವ ಹತ್ತಿಯ ಉಂಡೆ. ಅದು ನಾಟಿಯೋ, ಗಿರಿರಾಜನೋ, ಬಣ್ಣದ ಬ್ರಾಯ್ಲರೋ ಎಂಬುದು ಅದರ ಮೈಮೇಲೆ ಬರೆದಿರುವುದಿಲ್ಲ. ಮಾರುವವನು ಏನಂದನೋ ಅದೇ ತಳಿ. ನಿಜ ಗೊತ್ತಾಗುವ ಹೊತ್ತಿಗೆ ಐದಾರು ತಿಂಗಳು ಕಳೆದಿರುತ್ತದೆ. ಫೀಡಿಗೆ ಸುರಿದ ದುಡ್ಡು ತಿಪ್ಪೆ ಸೇರಿರುತ್ತದೆ. ಮರಿ ಕೊಟ್ಟವನ ಫೋನು 'ಚಾಲ್ತಿಯಲ್ಲಿಲ್ಲ' ಎನ್ನುತ್ತಿರುತ್ತದೆ.

'ನಾಟಿ ಅಂತ ಕೊಟ್ಟ ಕಣಣ್ಣ, ಒಂದೂ ಕಾವು ಕೂರ್ಲಿಲ್ಲ', 'ಮೊಟ್ಟೆ ಕೋಳಿ ಅಂದ, ನೋಡುದ್ರೆ ಅರ್ಧ ಹುಂಜ', 'ಕರಿ ಕೋಳಿ ಅಂದ, ಜುಟ್ಟು ಕೆಂಪಗೆ ಬಂತು'. ಸಂತೆಯಲ್ಲಿ, ಡೇರಿ ಮುಂದೆ, ಸಂಘದ ಸಭೆಯಲ್ಲಿ ಕೇಳಿಬರುವ ಗೊಣಗಾಟ ಇದು. ನಷ್ಟ ಸಣ್ಣದು, ಐವತ್ತು ನೂರು ಮರಿಯದು. ಅದಕ್ಕೇ ಯಾರೂ ದೂರು ಕೊಡುವುದಿಲ್ಲ. ಆದರೆ ಆ ಸಣ್ಣ ದುಡ್ಡು ಬಹಳ ಕಡೆ ಸ್ತ್ರೀಶಕ್ತಿ ಸಂಘದ ಸಾಲ. ಕಂತು ಕಟ್ಟಬೇಕಾದವಳು ಮನೆಯ ಹೆಣ್ಣುಮಗಳು. ಕೋಳಿ ಮೊಟ್ಟೆ ಇಡಲಿ ಬಿಡಲಿ, ವಾರದ ಕಂತು ನಿಲ್ಲುವುದಿಲ್ಲ.

ಹಿತ್ತಲ ಕೋಳಿ ಎಂದರೆ ಅಲಕ್ಷ್ಯ ಬೇಡ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಮನೆ ಹಿತ್ತಲಲ್ಲಿ ಸಾಕುವ ಕೋಳಿ-ಬಾತುಗಳ ಸಂಖ್ಯೆ 31 ಕೋಟಿ ದಾಟಿದೆ. 2012ರ ಗಣತಿಗೆ ಹೋಲಿಸಿದರೆ ಶೇಕಡಾ 45ಕ್ಕೂ ಹೆಚ್ಚು ಏರಿಕೆ. ಸಾಕುವವರು ಹೆಚ್ಚಿದರು, ಮರಿಗೆ ಬೇಡಿಕೆ ಹೆಚ್ಚಿತು. ಬೇಡಿಕೆ ಇದ್ದಲ್ಲಿ ಹೆಸರಿನ ವ್ಯಾಪಾರ ಶುರುವಾಯಿತು.

'ನಾಟಿ' ಎಂದರೆ ಯಾವ ತಳಿ?

ಮೊದಲ ಗೊಂದಲ ಇಲ್ಲಿಯದು. ಮಂಡ್ಯ-ಮೈಸೂರು ಕಡೆ ನಾಟಿ ಕೋಳಿ, ಹುಬ್ಬಳ್ಳಿ-ಧಾರವಾಡದ ಕಡೆ ಜವಾರಿ ಕೋಳಿ, ಕರಾವಳಿಯಲ್ಲಿ ಊರ ಕೋಳಿ. ಎಲ್ಲ ಒಂದೇ ಮಾತು: ಈ ಊರಿನ ಕೋಳಿ, ಫಾರಂನದಲ್ಲ ಎಂದು. ಇದು ತಳಿಯ ಹೆಸರಲ್ಲ. ಹಳಬರು ಕೋಳಿಯನ್ನು ಬಣ್ಣದಿಂದ ಗುರುತಿಸಿದರೇ ಹೊರತು ತಳಿಯಿಂದಲ್ಲ. ಕೆಂಪು ಹುಂಜ, ಕರಿ ಹೇಂಟೆ, ಚುಕ್ಕೆ ಹೇಂಟೆ, ಬೋಳು ಕತ್ತಿನದು. ದೇವರಿಗೆ ಬಿಟ್ಟದ್ದು ಯಾವ ಬಣ್ಣ ಎಂಬುದು ಮುಖ್ಯ. ಅದರ ವಂಶಾವಳಿ ಯಾರಿಗೂ ಬೇಕಿರಲಿಲ್ಲ.

ಸರ್ಕಾರದ ದಾಖಲೆಯಲ್ಲಿ ತಳಿ ಎನಿಸಿಕೊಳ್ಳಬೇಕಾದರೆ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿಯಾಗಬೇಕು. ಈ ಬ್ಯೂರೋ 1984ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಮರುವರ್ಷ ಕರ್ನಾಲ್‌ಗೆ ಹೋಯಿತು. ಅಲ್ಲಿನ ಪಟ್ಟಿಯಲ್ಲಿರುವ ದೇಶಿ ಕೋಳಿ ತಳಿಗಳು 20ರ ಆಸುಪಾಸು. ಕಾದಾಟಕ್ಕೆ ಹೆಸರಾದ ಅಸೀಲ್, ಕರಿ ಮಾಂಸದ ಕಡಕ್‌ನಾಥ್, ಕೇರಳದ ತಲಶ್ಶೇರಿ, ಅಂಡಮಾನ್ ಕಡೆಯ ನಿಕೋಬಾರಿ ಇತ್ಯಾದಿ. ಕರ್ನಾಟಕದ ಹೆಸರು ಕಾಣುವುದು ಘಾಗಸ್ ಎಂಬ ತಳಿಯ ಮುಂದೆ. ಅದೂ ಆಂಧ್ರದ ಜೊತೆ ಪಾಲು.

ಪಟ್ಟಿಯಲ್ಲಿ 'ನಾಟಿ' ಎಂಬ ಹೆಸರೇ ಇಲ್ಲ. ಹಾಗಾದರೆ 'ಅಪ್ಪಟ ನಾಟಿ ತಳಿ ಮರಿ ಸಿಗುತ್ತದೆ' ಎಂದು ಬೋರ್ಡು ಹಾಕಿದವನು ಮಾರುತ್ತಿರುವುದು ಏನನ್ನು? ನಿಜವಾದ ಊರ ಕೋಳಿ ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆ ಇಟ್ಟರೆ ಹೆಚ್ಚು. ನಡುನಡುವೆ ಕಾವು ಕೂರುತ್ತದೆ, ಮರಿ ಸಾಕುತ್ತದೆ, ಆಗ ಮೊಟ್ಟೆ ಬಂದ್. ಇಂಥ ಕೋಳಿಯಿಂದ ವಾರಕ್ಕೆ ಸಾವಿರಗಟ್ಟಲೆ ಮರಿ ಮಾಡಬೇಕಾದರೆ ಎಷ್ಟು ಸಾವಿರ ಹೇಂಟೆ ಸಾಕಬೇಕು, ಲೆಕ್ಕ ಹಾಕಿ. ಅಷ್ಟನ್ನು ಸಾಕಿ, ಫೀಡು ಹಾಕಿ, ಅಗ್ಗದ ದರಕ್ಕೆ ಮರಿ ಕೊಡುವುದು ಕಷ್ಟದ ಮಾತು. ಆದ್ದರಿಂದ ಹ್ಯಾಚರಿಯಿಂದ ಗಾಡಿಗಟ್ಟಲೆ ಬರುವ 'ನಾಟಿ' ಮರಿಗಳಲ್ಲಿ ಹೆಚ್ಚಿನವು ಬಣ್ಣದ ಪುಕ್ಕವಿರುವ ಬೆರಕೆ ಕೋಳಿಗಳು. ಡಿ.ಪಿ. ಕ್ರಾಸ್, ನಾಟಿ ಕ್ರಾಸ್, ಸೋನಾಲಿ, ಕಲರ್ ಮರಿ, ಹೀಗೆ ನಾನಾ ಹೆಸರು. ಇದರಲ್ಲಿ ಸೋನಾಲಿ ಎಂಬುದು ಬಾಂಗ್ಲಾದೇಶದಲ್ಲಿ ರೋಡ್ ಐಲೆಂಡ್ ರೆಡ್ ಹುಂಜಕ್ಕೂ ಈಜಿಪ್ಟಿನ ಫಯೋಮಿ ಹೇಂಟೆಗೂ ಕೂಡಿಸಿ ಮಾಡಿದ ಬೆರಕೆ. ಅಮೆರಿಕದ ಅಪ್ಪ, ಈಜಿಪ್ಟಿನ ಅವ್ವ. ಮಗ ಮದ್ದೂರು ಸಂತೆಗೆ ಬಂದರೆ 'ನಾಟಿ'!

ಬೆರಕೆ ತಪ್ಪಲ್ಲ, ಮುಚ್ಚುಮರೆ ತಪ್ಪು

ಬೆರಕೆ ಎಂದಾಕ್ಷಣ ಮೂಗು ಮುರಿಯಬೇಕಾಗಿಲ್ಲ. ಹಿತ್ತಲ ಸಾಕಣೆಗೆಂದೇ ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಒಳ್ಳೆಯ ಬೆರಕೆಗಳನ್ನು ಮಾಡಿದ್ದಾರೆ. ನಮ್ಮ ಗಿರಿರಾಜನೇ ಅದಕ್ಕೆ ಸಾಕ್ಷಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಮಾಡಿ 1989ರಲ್ಲಿ ರೈತರಿಗೆ ಬಿಟ್ಟ ಕೋಳಿ ಅದು. ಬಣ್ಣಬಣ್ಣದ ಪುಕ್ಕ, ದೊಡ್ಡ ಮೈ, ಹೊರಗೆ ಮೇಯುವ ಗುಣ. ವರ್ಷಕ್ಕೆ 130ರಿಂದ 150 ಮೊಟ್ಟೆ. 2005ರಲ್ಲಿ ಬಂದ ಸ್ವರ್ಣಧಾರ ಇನ್ನೂ ಮುಂದೆ. ಸುಮಾರು 180 ಮೊಟ್ಟೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ್ದು ವನರಾಜ ಮತ್ತು ಗ್ರಾಮಪ್ರಿಯ. ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯದು ಕಾವೇರಿ. ಇವುಗಳಲ್ಲಿ ಯಾವುದೂ 'ಅಪ್ಪಟ ನಾಟಿ' ಅಲ್ಲ. ಹಾಗೆಂದು ಹೇಳಿಕೊಂಡದ್ದೂ ಇಲ್ಲ. ಇಂಥದ್ದು ಇಂಥ ಕೆಲಸಕ್ಕೆ, ಇಷ್ಟು ಮೊಟ್ಟೆ, ಇಷ್ಟು ತೂಕ ಎಂದು ಹೇಳಿಯೇ ಕೊಟ್ಟರು.

ತೊಂದರೆ ಆದದ್ದು ಆಮೇಲೆ. ಗಿರಿರಾಜ ಎಷ್ಟು ಹೆಸರಾಯಿತೆಂದರೆ ಅದು ತಳಿಯ ಹೆಸರಾಗಿ ಉಳಿಯಲೇ ಇಲ್ಲ. ಸ್ವಲ್ಪ ದಪ್ಪಗಿರುವ, ಪುಕ್ಕಕ್ಕೆ ಬಣ್ಣವಿರುವ ಯಾವ ಕೋಳಿಯನ್ನು ಕಂಡರೂ 'ಗಿರಿರಾಜ' ಎನ್ನುವುದು ರೂಢಿಯಾಯಿತು. ಯಾರೋ ಯಾವುದೋ ಹುಂಜಕ್ಕೆ ಯಾವುದೋ ಹೇಂಟೆ ಬಿಟ್ಟು, ಇನ್‌ಕ್ಯುಬೇಟರಿನಲ್ಲಿ 21 ದಿನ ಇಟ್ಟು ಮರಿ ತೆಗೆದರೂ ಅದು ಗಿರಿರಾಜ. ಕೊನೆಗೆ ಆ ಮರಿ ದಂಡಪಿಂಡವಾದಾಗ ಹಳ್ಳಿಯವರು ಬೈಯುವುದು ಯಾರನ್ನು? 'ಗಿರಿರಾಜ ಸರಿಯಿಲ್ಲ ಬಿಡ್ರಿ' ಎಂದು ವಿಶ್ವವಿದ್ಯಾಲಯವನ್ನು!

ಇಲ್ಲಿ ಇನ್ನೊಂದು ಮರ್ಮವಿದೆ. ಗಿರಿರಾಜದಂಥ ಕೋಳಿಗೆ ಹೆತ್ತ ತಳಿಗಳು ಬೇರೆ ಬೇರೆ. ಆ ಹೆತ್ತ ತಳಿಗಳು ಸಂಶೋಧನಾ ಕೇಂದ್ರದಲ್ಲಿರುತ್ತವೆ. ರೈತನ ಕೈಗೆ ಬರುವುದು ಅವುಗಳ ಮರಿ. ಆ ಮರಿ ಬೆಳೆದು ಇಟ್ಟ ಮೊಟ್ಟೆಯಿಂದ ಮತ್ತೆ ಮರಿ ಮಾಡಿಸಿದರೆ ಅಪ್ಪ-ಅವ್ವನ ಗುಣ ಹಾಗೇ ಮುಂದುವರಿಯುವುದಿಲ್ಲ. ಕೆಲವು ದೊಡ್ಡವಾಗುತ್ತವೆ, ಕೆಲವು ಗಿಡ್ಡ, ಮೊಟ್ಟೆ ಇಳಿಯುತ್ತದೆ. ಹೈಬ್ರಿಡ್ ಜೋಳದ ಕಾಳನ್ನೇ ಮರುವರ್ಷ ಬಿತ್ತಿದವರಿಗೆ ಈ ಪಾಠ ಹೊಸದಲ್ಲ. ಅಂಥ ಎರಡನೇ ಮೂರನೇ ತಲೆಮಾರಿನ ಮರಿಯನ್ನು ಮೂಲ ಹೆಸರಿನಲ್ಲೇ ಮಾರುವುದು ನಡೆದೇ ಇದೆ.

ಕರಿ ಕೋಳಿಯ ಮೋಹ

ಹೆಸರಿನ ವ್ಯಾಪಾರ ತುತ್ತತುದಿ ಮುಟ್ಟಿದ್ದು ಕಡಕ್‌ನಾಥ್ ವಿಷಯದಲ್ಲಿ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರದ ಆದಿವಾಸಿಗಳು ತಲೆಮಾರಿನಿಂದ ಸಾಕಿಕೊಂಡು ಬಂದ ಕೋಳಿ ಇದು. ಚರ್ಮ, ಜುಟ್ಟು, ನಾಲಿಗೆ, ಮಾಂಸ, ಕೊನೆಗೆ ಮೂಳೆಯ ಮೇಲಿನ ಪೊರೆಯೂ ಕಪ್ಪು. ಅದರ ಮಾಂಸಕ್ಕೆ ಭೌಗೋಳಿಕ ಗುರುತು ಬೇಕೆಂದು 2012ರಲ್ಲೇ ಅರ್ಜಿ ಬಿತ್ತು. ನಡುವೆ ಛತ್ತೀಸಗಢದವರು 'ನಮ್ಮದು' ಎಂದು ತಕರಾರು ತೆಗೆದರು. ಕೊನೆಗೆ 2018ರಲ್ಲಿ ಝಾಬುವಾಗೆ ಗುರುತು ಸಿಕ್ಕಿತು. ಮರು ತಿಂಗಳಿಂದಲೇ ದೇಶದ ಎಲ್ಲ ಕಡೆ 'ಜಿ.ಐ. ಕಡಕ್‌ನಾಥ್' ಮರಿ ಸಿಗತೊಡಗಿತು. ಆ ಗುರುತು ಝಾಬುವಾ ಸೀಮೆಯ ಮಾಂಸಕ್ಕೆ ಸಿಕ್ಕಿದ್ದೇ ಹೊರತು ಸಂತೆ ಬುಟ್ಟಿಯ ಮರಿಗಲ್ಲ ಎಂದು ಹೇಳುವವರಿಲ್ಲ, ಕೇಳುವವರಿಲ್ಲ. 2020ರ ಕೊನೆಗೆ ಕ್ರಿಕೆಟ್ ಆಟಗಾರ ಧೋನಿಯವರು ಝಾಬುವಾದಿಂದ ಎರಡು ಸಾವಿರ ಮರಿ ಕೇಳಿದ್ದಾರೆಂಬ ಸುದ್ದಿ ಬಂದ ಮೇಲಂತೂ ಮೋಹ ಇನ್ನಷ್ಟು ಏರಿತು.

ಕಡಕ್‌ನಾಥ್ ಮೊಟ್ಟೆ ಕಪ್ಪಗಿರುತ್ತದೆ ಎಂಬ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತದೆ. ಶುದ್ಧ ಸುಳ್ಳು. ಅದರ ಮೊಟ್ಟೆ ತಿಳಿ ಕಂದು. ಕಪ್ಪು ಮೊಟ್ಟೆ ಇಡುವ ಕೋಳಿ ಲೋಕದಲ್ಲೇ ಇಲ್ಲ. ರಕ್ತವೂ ಕೆಂಪೇ, ತುಸು ಗಾಢ ಅಷ್ಟೆ. ಕೊಬ್ಬು ಕಡಿಮೆ ಎಂಬುದು ನಿಜ. ಆದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎಲ್ಲ ವಾಸಿಯಾಗುತ್ತದೆ ಎಂಬುದು ವ್ಯಾಪಾರದ ಮಾತು.

ಕೊಳ್ಳುವವರು ನಂಬುವ ಒಂದೇ ಗುರುತು ಕಪ್ಪು. ಅದೂ ಮೋಸದ ಗುರುತು. ಈ ಕೋಳಿಯ ಮೈಗೆ ಕಪ್ಪು ಕೊಡುವ ಗುಣ ಪ್ರಬಲವಾದದ್ದು. ಬೇರೆ ಕೋಳಿ ಜೊತೆ ಬೆರೆತರೂ ಮರಿಗೆ ಕಪ್ಪು ಒಂದಷ್ಟು ಅಂಟಿಕೊಂಡೇ ಬರುತ್ತದೆ. ಹೀಗಾಗಿ ಕೆಂಪಾದರೆ ಅನುಮಾನ ಪಡಬಹುದು. ಕಪ್ಪಾದ ಮಾತ್ರಕ್ಕೆ ಅಪ್ಪಟ ಎನ್ನುವಂತಿಲ್ಲ. ಉತ್ತರಪ್ರದೇಶದ ಇಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯವರು ಕಡಕ್‌ನಾಥ್ ಬೆರೆಸಿ ಮಾಡಿದ ಕೋಳಿಗೆ 'ಕಾರಿ ಶ್ಯಾಮಾ' ಎಂದು ಬೇರೆಯದೇ ಹೆಸರಿಟ್ಟಿದ್ದಾರೆ. ಪ್ರಾಮಾಣಿಕತೆ ಎಂದರೆ ಅದು. ಖಾಸಗಿಯವರಿಗೆ ಅಷ್ಟು ಪುರುಸೊತ್ತು ಎಲ್ಲಿ?

2019ರಲ್ಲಿ ಪಕ್ಕದ ಮಹಾರಾಷ್ಟ್ರದ ಸಾಂಗ್ಲಿ ಕಡೆ ನಡೆದದ್ದನ್ನು ಮರೆಯಬಾರದು. ಕಡಕ್‌ನಾಥ್ ಮರಿ ಕೊಡುತ್ತೇವೆ, ಮೊಟ್ಟೆ ಮತ್ತು ಕೋಳಿಯನ್ನು ನಾವೇ ದುಬಾರಿ ಬೆಲೆಗೆ ವಾಪಸು ಕೊಳ್ಳುತ್ತೇವೆ ಎಂದು ರೈತರಿಂದ ಹಣ ಕಟ್ಟಿಸಿಕೊಂಡು ಕೈ ಎತ್ತಿದರೆಂಬ ಆರೋಪ ಕಂಪನಿಯೊಂದರ ಮೇಲೆ ಬಂತು, ಪೊಲೀಸ್ ಕೇಸಾಯಿತು. ದುಡ್ಡು ಹಾಕಿದವರು ಒಬ್ಬಿಬ್ಬರಲ್ಲ, ಸಾವಿರಾರು ಮಂದಿ. ಕೊನೆಗೆ ಫೀಡಿಗೆ ಗತಿಯಿಲ್ಲದೆ ಕೋಳಿಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಮೇಲೆ ಕೈ ಹೊತ್ತು ಕೂತರು.

ಕೈ ಬದಲಾದಂತೆ ಹೆಸರೂ ಬದಲು

ಎಲ್ಲ ತಪ್ಪನ್ನೂ ಹ್ಯಾಚರಿ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಮರಿ ಹ್ಯಾಚರಿಯಿಂದ ನೇರ ಹಿತ್ತಲಿಗೆ ಬರುವುದು ಅಪರೂಪ. ನಡುವೆ ಏಜೆಂಟು, ಏಜೆಂಟಿನಿಂದ ಪೇಟೆ ಅಂಗಡಿ, ಅಂಗಡಿಯಿಂದ ಮೊಪೆಡ್ಡಿಗೆ ಬುಟ್ಟಿ ಕಟ್ಟಿಕೊಂಡು ಊರೂರು ಸುತ್ತುವವನು. ಹ್ಯಾಚರಿ ಬಿಲ್ಲಿನಲ್ಲಿ 'ಕಲರ್ ಮರಿ' ಎಂದಿದ್ದದ್ದು ಏಜೆಂಟಿನ ಬಾಯಲ್ಲಿ 'ನಾಟಿ ಕ್ರಾಸ್' ಆಗುತ್ತದೆ; ಅಂಗಡಿಯಲ್ಲಿ 'ಕ್ರಾಸ್' ಉದುರಿ 'ನಾಟಿ' ಉಳಿಯುತ್ತದೆ; ಮೊಪೆಡ್ಡಿನವನ ಹತ್ತಿರ ಬರುವಷ್ಟರಲ್ಲಿ 'ಅಪ್ಪಟ ಹಳ್ಳಿ ನಾಟಿ' ಆಗಿರುತ್ತದೆ. ಹೆಸರು ಬದಲಾದಾಗಲೆಲ್ಲ ಬೆಲೆಯೂ ಒಂದು ಮೆಟ್ಟಿಲು ಹತ್ತಿರುತ್ತದೆ. ಕೇಳಿದರೆ ಪ್ರತಿಯೊಬ್ಬನೂ ಹಿಂದಿನವನ ಕಡೆ ಬೊಟ್ಟು ಮಾಡುತ್ತಾನೆ.

ಎಲ್ಲರಿಗಿಂತ ಪಾಪದ ಸರಕು ಬಣ್ಣ ಹಾಕಿದ ಮರಿಗಳದು. ಮೊಟ್ಟೆ ಕೋಳಿ ಸಾಕುವ ಫಾರಂಗಳಿಗೆ ಹೆಣ್ಣು ಮರಿ ಮಾತ್ರ ಬೇಕು. ಆ ತಳಿಯ ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರಿನಂತೆ ದಪ್ಪವೂ ಆಗುವುದಿಲ್ಲ. ಹ್ಯಾಚರಿಗೆ ಅದು ಕಸ. ಆ ಕಸವನ್ನೇ ಪುಡಿಗಾಸಿಗೆ ತಂದು ಗುಲಾಬಿ, ಹಸಿರು, ನೀಲಿ ಬಣ್ಣದಲ್ಲಿ ಅದ್ದಿ ಜಾತ್ರೆಯಲ್ಲಿ, ಶಾಲೆ ಮುಂದೆ ಮಾರುತ್ತಾರೆ. ಮಕ್ಕಳು ಹಟ ಮಾಡುತ್ತವೆ, ಅವ್ವಂದಿರು 'ಬೆಳೆದ್ರೆ ಮೊಟ್ಟೆ ಇಡುತ್ತೆ' ಎಂದು ಕೊಡಿಸುತ್ತಾರೆ. ವಾರದೊಳಗೆ ಚಳಿಗೆ ಅರ್ಧ ಸಾಯುತ್ತವೆ. ಬದುಕಿದವು ಬೆಳೆದು, ಬಣ್ಣ ಉದುರಿ, ಬಿಳಿ ಹುಂಜಗಳಾಗಿ ಬೆಳಗಿನ ಜಾವ ಕೂಗುತ್ತವೆ.

ಲೆಕ್ಕ ಹಾಕಿ ನೋಡಿ

ಹೆಸರು ಯಾವುದಾದರೇನು, ಕೋಳಿ ಕೋಳಿಯೇ ಅಲ್ಲವೇ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಒಬ್ಬಾಕೆ ಸಂಘದಲ್ಲಿ ಸಾಲ ಎತ್ತಿ ಮೊಟ್ಟೆ ಮಾರಲೆಂದು ಐವತ್ತು ಮರಿ ತಂದಳು ಎಂದಿಟ್ಟುಕೊಳ್ಳಿ. ಒಂದೂ ಸಾಯಲಿಲ್ಲ ಎಂದೇ ಇರಲಿ. ಗಂಡು ಹೆಣ್ಣು ಬೇರ್ಪಡಿಸದ ಮರಿಯಾದರೆ ಸುಮಾರು ಇಪ್ಪತ್ತೈದು ಹುಂಜ. ಮೊದಲ ಪೆಟ್ಟು ಇದು. ಉಳಿದ ಇಪ್ಪತ್ತೈದು ಹೇಂಟೆ ನಿಜವಾದ ಸ್ವರ್ಣಧಾರ ಆಗಿದ್ದರೆ ವರ್ಷಕ್ಕೆ ನಾಲ್ಕೂವರೆ ಸಾವಿರ ಮೊಟ್ಟೆ. ಗಿರಿರಾಜ ಆಗಿದ್ದರೆ ಮೂರೂವರೆ ಸಾವಿರದ ಆಸುಪಾಸು. ಊರ ನಾಟಿಯಾದರೆ ಸಾವಿರದ ಇನ್ನೂರೈವತ್ತರಿಂದ ಸಾವಿರದೈನೂರು. ಅಸೀಲ್ ಆಗಿದ್ದರಂತೂ ಸಾವಿರವೂ ಇಲ್ಲ. ಕಾದಾಡುವ ಕೋಳಿ ವರ್ಷಕ್ಕೆ ಇಡುವುದು ಮೂವತ್ತು ಚಿಲ್ಲರೆ ಮೊಟ್ಟೆ. ಮರಿ ಅದೇ ಅಳತೆ, ಬುಟ್ಟಿ ಅದೇ ಬುಟ್ಟಿ. ಆದರೆ ಸಾಲ ತೀರುವುದೋ ಮೈಮೇಲೆ ಬರುವುದೋ ಎಂಬುದು ಆ ಒಂದು ಹೆಸರಿನಲ್ಲಿದೆ.

ಮಾಂಸಕ್ಕೆ ಸಾಕುವವರ ಲೆಕ್ಕ ಬೇರೆ. ಯುಗಾದಿಯ ಮರುದಿನದ ವರ್ಷತೊಡಕಿಗೆ ನಾಟಿ ಕೋಳಿಗೆ ಚಿನ್ನದ ಬೆಲೆ. ಅದಕ್ಕೆಂದು ಐದಾರು ತಿಂಗಳು ಮೊದಲೇ ಮರಿ ಬಿಡುತ್ತಾರೆ. ನಾಟಿಯಾದರೆ ಆ ಹೊತ್ತಿಗೆ ಹದವಾಗಿ ಒಂದೂವರೆ ಕಿಲೋ ತೂಗುತ್ತದೆ. ತಿಪ್ಪೆ ಕೆದಕಿ, ಗೆದ್ದಲು ತಿಂದು ಅರ್ಧ ಹೊಟ್ಟೆ ತಾನೇ ತುಂಬಿಸಿಕೊಂಡಿರುತ್ತದೆ. ನಾಟಿ ಎಂದು ಬಂದದ್ದು ಬಣ್ಣದ ಬ್ರಾಯ್ಲರ್ ಆಗಿದ್ದರೆ ಎರಡು ಎರಡೂವರೆ ತಿಂಗಳಿಗೇ ಮಾರುವ ತೂಕ ಬಂದಿರುತ್ತದೆ. ಹಬ್ಬಕ್ಕೆಂದು ಇಟ್ಟುಕೊಂಡರೆ ಆಮೇಲೆ ತಿನ್ನುವುದೆಲ್ಲ ದಂಡ. ಮೈಭಾರಕ್ಕೆ ಕಾಲು ಸೋಲುತ್ತದೆ. ಹದ್ದು ಬಂದರೂ ಓಡಲಾರದು. ಫಾಲ್ಗುಣದ ಬಿಸಿಲಿಗೆ ಏದುಸಿರು ಬಿಟ್ಟು ಮಧ್ಯಾಹ್ನಕ್ಕೆ ಒರಗುತ್ತದೆ. ಹಬ್ಬಕ್ಕೆ ಬರುವ ಗಿರಾಕಿ ಒಂದು ನೋಟಕ್ಕೇ 'ಇದು ಫಾರಂ ಕೋಳಿ' ಎಂದು ಬೆನ್ನು ತಿರುಗಿಸುತ್ತಾನೆ.

ಕಾವು ಕೂರದ ಹೇಂಟೆ

ದುಡ್ಡಿನ ಲೆಕ್ಕಕ್ಕೆ ಸಿಗದ ನಷ್ಟ ಇನ್ನೊಂದಿದೆ. ನಾಟಿ ಹೇಂಟೆಯ ದೊಡ್ಡ ಗುಣ ಮೊಟ್ಟೆಯಲ್ಲ, ಕಾವು. ಹತ್ತು ಹನ್ನೆರಡು ಮೊಟ್ಟೆ ಬುಟ್ಟಿಯಲ್ಲಿಟ್ಟು ಕೂರಿಸಿದರೆ 21 ದಿನಕ್ಕೆ ಮರಿ. ಕರೆಂಟು ಬೇಡ, ಬಲ್ಬು ಬೇಡ, ಹ್ಯಾಚರಿ ಬೇಡ. ಮರಿಯನ್ನು ರೆಕ್ಕೆಯೊಳಗೆ ಇಟ್ಟುಕೊಂಡು ಮೇಯಿಸಿ, ಹದ್ದು ಬಂದರೆ ಮೇಲೆರಗಿ ಕಾಪಾಡುವುದೂ ಅದೇ. ಬಡವರ ಮನೆಯಲ್ಲಿ ಒಂದು ಕಾವು ಹೇಂಟೆ ಇದ್ದರೆ ಕೋಳಿ ವಂಶ ಬಂಡವಾಳವಿಲ್ಲದೆ ನಡೆಯುತ್ತಿತ್ತು.

ಹೆಚ್ಚು ಮೊಟ್ಟೆಗಾಗಿ ಮಾಡಿದ ಕೋಳಿಗಳಲ್ಲಿ ಈ ಗುಣವನ್ನು ಬೇಕೆಂದೇ ತೆಗೆದುಹಾಕಿರುತ್ತಾರೆ. ಕಾವು ಕೂತರೆ ಮೊಟ್ಟೆ ನಿಲ್ಲುತ್ತದಲ್ಲ. ಗಿರಿರಾಜವೂ ಕಾವು ಕೂರುವುದಿಲ್ಲ. ಗೊತ್ತಿದ್ದು ತಂದವರಿಗೆ ಅದು ತೊಂದರೆಯಲ್ಲ. ನಾಟಿ ಎಂದು ನಂಬಿ ತಂದವಳು ಮಾತ್ರ 'ಇವತ್ತು ಕೂರುತ್ತೆ, ನಾಳೆ ಕೂರುತ್ತೆ' ಎಂದು ಕಾಯುತ್ತಾಳೆ. ಕೊನೆಗೆ ಮತ್ತೆ ಮೊಪೆಡ್ಡಿನವನ ಹತ್ತಿರವೇ ಮರಿಗೆ ಹೋಗಬೇಕು. ಅಷ್ಟರಲ್ಲಿ ಅವಳ ಬೆರಕೆ ಹುಂಜ ನೆರೆಮನೆ ಹೇಂಟೆಗಳ ಜೊತೆ ಸೇರಿ ಊರ ಕೋಳಿಯ ರಕ್ತವನ್ನೂ ಕಲಸಿರುತ್ತದೆ. ನಾಟಿಯ ಹೆಸರಲ್ಲಿ ನಾಟಿಯೇ ಊರು ಬಿಡುತ್ತಿದೆ!

ತಿನ್ನುವವರಿಗೂ ಅದೇ ಗತಿ

ಮುದ್ದೆ, ನಾಟಿ ಕೋಳಿ ಸಾರು ಎಂದು ಬೋರ್ಡು ಹಾಕದ ಹೋಟೆಲು ಹೆದ್ದಾರಿಯಲ್ಲಿ ಹುಡುಕಬೇಕು. ಅಷ್ಟು ನಾಟಿ ಕೋಳಿ ಎಲ್ಲಿಂದ ಬಂತು ಎಂದು ಕೇಳಿದವರುಂಟೇ? ಅಂಗಡಿಯಲ್ಲಿ ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿಣ ಹಚ್ಚಿದ ಮೇಲೆ ಎಲ್ಲ ಕೋಳಿಯ ಬಣ್ಣವೂ ಒಂದೇ. 'ಮಾಂಸ ಗಟ್ಟಿಯಿದೆ, ಬೇಗ ಬೇಯೋದಿಲ್ಲ, ಹಾಗಾಗಿ ನಾಟಿ' ಎಂಬ ಪರೀಕ್ಷೆಯೂ ಸಾಲದು. ಒಂದೂವರೆ ವರ್ಷ ಮೊಟ್ಟೆ ಇಟ್ಟು ಮುದಿಯಾದ ಲೇಯರ್ ಕೋಳಿ, ಹ್ಯಾಚರಿಗೆ ಮೊಟ್ಟೆ ಇಟ್ಟು ಮುಗಿಸಿದ ಪೇರೆಂಟ್ಸ್ ಕೋಳಿ, ಎರಡೂ ಗಟ್ಟಿಯೇ. ಮಂಗಳೂರು ಕಡೆಯ ಅಂಗಡಿಗಳಲ್ಲಿ ಬ್ರಾಯ್ಲರ್, ಟೈಸನ್, ಊರ ಕೋಳಿ ಎಂದು ಬೇರೆ ಬೇರೆ ದರ ಬರೆಯುವ ರೂಢಿಯಾದರೂ ಇದೆ.

ಮೊಟ್ಟೆಯದೂ ಇದೇ ಕತೆ. ಕಂದು ಸಿಪ್ಪೆ ಕಂಡರೆ ನಾಟಿ ಮೊಟ್ಟೆ ಎಂದು ಹೆಚ್ಚು ದುಡ್ಡು ಕೊಡುವವರಿದ್ದಾರೆ. ಸಿಪ್ಪೆಯ ಬಣ್ಣ ಬರುವುದು ತಳಿಯಿಂದ; ಪಂಜರದಲ್ಲಿ ಸಾಕುವ ಫಾರಂ ಕೋಳಿಗಳಲ್ಲೂ ಕಂದು ಮೊಟ್ಟೆ ಇಡುವ ತಳಿಗಳಿವೆ. ಒಳಗಿನ ಹಳದಿಯ ಬಣ್ಣ ಬರುವುದು ಮೇವಿನಿಂದ. ಎರಡೂ ನಾಟಿಗೆ ಸಾಕ್ಷಿಯಲ್ಲ.

ಬೀಜಕ್ಕೆ ಉಂಟು, ಮರಿಗೆ ಇಲ್ಲ

ಬಿತ್ತನೆ ಬೀಜದ ಚೀಲದ ಮೇಲೆ ತಳಿಯ ಹೆಸರು, ಮೊಳಕೆ ಪ್ರಮಾಣ ಬರೆದ ಚೀಟಿ ಇರುತ್ತದೆ. 1966ರ ಬೀಜ ಕಾಯ್ದೆ ಅದಕ್ಕೆ ಆಧಾರ. ಬೀಜ ಹುಟ್ಟದಿದ್ದರೆ ರೈತ ಆ ಚೀಟಿ ಹಿಡಿದು ಹೋಗಿ ಜಗಳ ಆಡಬಹುದು. ಬೀಜ ಕೊಂಡ ರೈತ ಗ್ರಾಹಕನೇ, ಅವನು ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಮರಿಯ ಡಬ್ಬದ ಮೇಲೆ ಅಂಥ ಚೀಟಿ ಕಾಣುವುದು ಅಪರೂಪ. ಬಹಳ ಕಡೆ ಬಿಲ್ಲೇ ಇಲ್ಲ. ಇದ್ದರೂ 'ಮರಿ - 50' ಎಂದು ಗೀಚಿರುತ್ತದೆ. ತಳಿ ಯಾವುದು, ಯಾವ ದಿನ ಒಡೆದದ್ದು, ಯಾವ ಲಸಿಕೆ ಆಗಿದೆ ಎಂಬುದು ಬ್ರಹ್ಮನಿಗೇ ಗೊತ್ತು.

ಹಾಗೆಂದು ಕಾನೂನೇ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಸರಕು ಕೊಂಡವರೂ ಗ್ರಾಹಕರೇ. ಐದು ಲಕ್ಷ ರೂಪಾಯಿವರೆಗಿನ ಸರಕಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. 1915ಕ್ಕೆ ಫೋನು ಮಾಡಿಯೂ ದೂರು ಹೇಳಬಹುದು. ಆದರೆ ಆಯೋಗ ಕೇಳುವ ಮೊದಲ ಪ್ರಶ್ನೆ: 'ಬಿಲ್ಲು ಎಲ್ಲಿ?' ಅಲ್ಲಿಗೆ ಕತೆ ಮುಗಿಯಿತು.

ಕೊಳ್ಳುವ ಮುಂಚೆ ಕೇಳಿ

ಮೊದಲನೆಯದು, ಬಾಯಿಮಾತು ಬೇಡ. ಬಿಲ್ಲಿನಲ್ಲಿ ತಳಿಯ ಹೆಸರು ಬರೆಸಿ. 'ನಾಟಿ' ಎಂದರೆ ಸಾಲದು. ಅಪ್ಪ ಯಾವುದು, ಅವ್ವ ಯಾವುದು, ಮೊಟ್ಟೆ ಯಾವ ಫಾರಂನದು ಎಂದು ಕೇಳಿ. ಬರೆಯಲು ಹಿಂದೆಮುಂದೆ ನೋಡಿದನೋ, ಅಲ್ಲಿಂದ ಏಳುವುದೇ ಲೇಸು.

ಎರಡನೆಯದು, ಹೆಣ್ಣು ಮರಿಯೋ, ಬೇರ್ಪಡಿಸದ ಮರಿಯೋ ಎಂಬುದನ್ನು ಬರೆಸಿ. ಮರಿ ಒಡೆದ ದಿನ, ಮೊದಲ ದಿನದ ಮಾರೆಕ್ಸ್ ಲಸಿಕೆ ಆಗಿದೆಯೇ ಎಂಬುದೂ ಇರಲಿ. ಕೊಕ್ಕರೆ ರೋಗದ ಲಸಿಕೆಯನ್ನು ಮೊದಲ ವಾರದಲ್ಲೇ ಹಾಕಿಸಬೇಕು. ಅದಕ್ಕೆ ಪಶು ಆಸ್ಪತ್ರೆ ಇದೆ. ನಾಟಿಗೆ ರೋಗವೇ ಬರುವುದಿಲ್ಲ ಎಂಬುದು ಕೂಡ ಮಾರುವವರ ಮಾತೇ.

ಮೂರನೆಯದು, ಗುಂಪನ್ನು ನೋಡಿ. ಅಚ್ಚ ಹಳದಿ ಮರಿಗಳು ಹೆಚ್ಚಾಗಿ ಬಿಳಿ ಫಾರಂ ಕೋಳಿಯವು. ಕಡಕ್‌ನಾಥ್ ಮರಿ ನೀಲಿಗಪ್ಪು, ಬೆನ್ನ ಮೇಲೆ ಪಟ್ಟೆ; ಗುಂಪಿನಲ್ಲಿ ಅರ್ಧ ಒಂದು ಥರ ಅರ್ಧ ಇನ್ನೊಂದು ಥರ ಇದ್ದರೆ ಅನುಮಾನಕ್ಕೆ ಜಾಗವಿದೆ. ಊರ ನಾಟಿ ಮರಿಯಲ್ಲಿ ಮಾತ್ರ ನಾನಾ ಬಣ್ಣ ಸಹಜ.

ನಾಲ್ಕನೆಯದು, ತಂದ ಮೇಲೆ ತೂಕ ಹಾಕುತ್ತಿರಿ. ಒಂದೂವರೆ ತಿಂಗಳಿಗೇ ಕಿಲೋ ದಾಟಿತೆಂದರೆ ಅದು ನಾಟಿಯಲ್ಲ. ಆಗ ಹಬ್ಬಕ್ಕೆ ಕಾಯದೆ ಮಾರಿಬಿಟ್ಟರೆ ನಷ್ಟವಾದರೂ ತಗ್ಗುತ್ತದೆ.

ಐದನೆಯದು, ಅವಸರ ಬೇಡ. ಹೆಬ್ಬಾಳದ ಪಶುವೈದ್ಯ ಕಾಲೇಜು, ಹೆಸರಘಟ್ಟದ ಕೇಂದ್ರದಂಥ ಕಡೆ ಮರಿಗೆ ಮೊದಲೇ ಹೆಸರು ಬರೆಸಿ ಕಾಯಬೇಕಾಗುತ್ತದೆ. ಆ ಕಾಯುವಿಕೆಯೇ ಮೊಪೆಡ್ಡಿನವನಿಗೆ ವರ. ಸಂಘದವರು ಒಟ್ಟಾಗಿ ಬೇಡಿಕೆ ಕೊಟ್ಟು, ಒಂದೇ ಗಾಡಿಯಲ್ಲಿ ತರಿಸಿಕೊಂಡರೆ ದಾರಿ ಖರ್ಚೂ ಕಡಿಮೆ.

ಸಂಬಂಧಪಟ್ಟವರಿಗೆ ಕೇಳಿಸೀತೇ?

ಕೊಳ್ಳುವವರು ಎಷ್ಟೇ ಎಚ್ಚರವಿದ್ದರೂ ಅಂಗೈ ಮೇಲಿನ ಹತ್ತಿ ಉಂಡೆಯಲ್ಲಿ ತಳಿ ಕಾಣುವುದಿಲ್ಲ. ತಜ್ಞರಿಗೂ ಬರಿಗಣ್ಣಿಗೆ ಕಷ್ಟವೇ. ಆದ್ದರಿಂದ ಭಾರ ಮಾರುವವರ ಮೇಲೆ ಬೀಳಬೇಕು. ಬೇಕಾಗಿರುವುದು ದೊಡ್ಡ ಯೋಜನೆಯಲ್ಲ, ಒಂದು ಚೀಟಿ. ಮರಿ ಡಬ್ಬದ ಮೇಲೆ ತಳಿ, ಹೆತ್ತವು, ಒಡೆದ ದಿನ, ಲಸಿಕೆ, ಹ್ಯಾಚರಿ ಹೆಸರು. ಡಬ್ಬ ಯಾರ ಕೈಗೆ ಹೋದರೂ ಚೀಟಿ ಜೊತೆಗೇ ಹೋಗಬೇಕು. ಪಶುಪಾಲನಾ ಇಲಾಖೆಯವರು ಸಂತೆ ದಿನ ಒಂದು ಸುತ್ತು ಬಂದು 'ಚೀಟಿ ಎಲ್ಲಪ್ಪ?' ಎಂದು ಕೇಳಿದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ. ಸಂಘಗಳಿಗೆ ಕೋಳಿ ಸಾಲ ಕೊಡುವ ಬ್ಯಾಂಕುಗಳು 'ತಳಿ ಬರೆದ ಬಿಲ್ಲು ತನ್ನಿ' ಎಂದರೆ ಇನ್ನರ್ಧವೂ ತಗ್ಗೀತು.

ಪ್ರಾಮಾಣಿಕವಾಗಿ ಮರಿ ಮಾಡುವ ಹ್ಯಾಚರಿಗಳಿಗೂ ಇದರಿಂದ ಲಾಭವೇ. ಬೆರಕೆಯನ್ನು ಬೆರಕೆ ಎಂದು ಹೇಳಿ ಮಾರುವವನು ಇಂದು ಸಂತೆಯಲ್ಲಿ ಸೋಲುತ್ತಿದ್ದಾನೆ. ಬೆರಕೆಯನ್ನು ಅಪ್ಪಟ ಎನ್ನುವವನು ಗೆಲ್ಲುತ್ತಿದ್ದಾನೆ. ಚೀಟಿ ಬಂದರೆ ಈ ಆಟ ತಿರುಗಬಹುದು.

ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎಂಬುದು ಹಳೆ ಗಾದೆ. ಈಗ ಕೋಳಿ ಸಾಕುವವರನ್ನೂ ಯಾರೂ ಕೇಳುತ್ತಿಲ್ಲ. ಅವರ ಮೇಲೆಯೇ ಮಸಾಲೆ ಅರೆಯಲಾಗುತ್ತಿದೆ. ಮುಂದಿನ ವರ್ಷತೊಡಕಿಗೆ ಮರಿ ಬಿಡುವ ಕಾಲ ಬರುವ ಮುಂಚೆ ಇಲಾಖೆ ಎಚ್ಚೆತ್ತೀತೇ?